ಕಾರಿನ ಕೂಲಂಟ್ ಟೆಂಪರೇಚರ್ ಸೆನ್ಸರ್ ಕೆಟ್ಟರೆ: ಮನೆಯಂಗಳದಲ್ಲೇ ಬದಲಿಸುವ ಕ್ರಮ

ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲು ಹಠ ಮಾಡುತ್ತದೆ. ಸ್ಟಾರ್ಟ್ ಆದ ಮೇಲೂ ಹಿಂದಿನಿಂದ ಕಪ್ಪು ಹೊಗೆ, ಮೂಗಿಗೆ ಪೆಟ್ರೋಲ್ ವಾಸನೆ. ಲೀಟರಿಗೆ ಹದಿನೆಂಟು ಕಿಲೋಮೀಟರ್ ಓಡುತ್ತಿದ್ದ ಗಾಡಿ ಹನ್ನೆರಡಕ್ಕೆ ಇಳಿದಿರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಆರುವುದೇ ಇಲ್ಲ. ಇಂತಹ ಕಾರಿನ ಮಾಲೀಕರು ಸಾಮಾನ್ಯವಾಗಿ ಪ್ಲಗ್ ಬದಲಿಸುತ್ತಾರೆ, ಏರ್ ಫಿಲ್ಟರ್ ಬದಲಿಸುತ್ತಾರೆ, ಕೊನೆಗೆ ಪೆಟ್ರೋಲ್ ಬಂಕ್ ಬದಲಿಸುತ್ತಾರೆ. ಆದರೆ ಅನೇಕ ಸಲ ತಪ್ಪು ಇರುವುದು ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆಯ ತುಂಡೊಂದರಲ್ಲಿ. ಅದರ ಹೆಸರು ಕೂಲಂಟ್ ಟೆಂಪರೇಚರ್ ಸೆನ್ಸರ್.

ಗಡಿನಾಡಿನ ಹಳ್ಳಿಗಳಿಗೆ ಈ ವಿಷಯ ಕೇವಲ ಮೈಲೇಜಿನದ್ದಲ್ಲ. ಸತ್ಯಮಂಗಲದಿಂದ ತಾಳವಾಡಿಗೆ ಬರುವವರು ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಬೇಕು. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ರಸ್ತೆಯಲ್ಲಿ 36 ತಿರುವುಗಳಿವೆ. ವಯನಾಡಿನವರಿಗೆ ತಾಮರಶ್ಶೇರಿ ಚುರಂ ತಪ್ಪಿದ್ದಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ರಾಯದುರ್ಗದ ಕಡೆ ಘಟ್ಟವಿಲ್ಲದಿದ್ದರೂ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂತಹ ಕಡೆ ಸೆನ್ಸರ್ ಸುಳ್ಳು ಹೇಳಿದರೆ ರೇಡಿಯೇಟರ್ ಫ್ಯಾನ್ ತಿರುಗುವುದಿಲ್ಲ. ಫ್ಯಾನ್ ತಿರುಗದಿದ್ದರೆ ಇಂಜಿನ್ ಕುದಿಯುತ್ತದೆ. ಕೆಲವು ನೂರು ರೂಪಾಯಿಯ ಬಿಡಿಭಾಗಕ್ಕಾಗಿ ಹತ್ತಾರು ಸಾವಿರದ ಹೆಡ್ ಕೆಲಸ ಮೈಮೇಲೆ ಬರುವುದು ಹೀಗೆ.

ಸಮಾಧಾನದ ಸಂಗತಿಯೆಂದರೆ, ಇಂಜಿನ್‌ನಲ್ಲಿರುವ ಸೆನ್ಸರ್‌ಗಳ ಪೈಕಿ ಮನೆಯಲ್ಲೇ ಪರೀಕ್ಷಿಸಿ, ಮನೆಯಲ್ಲೇ ಬದಲಿಸಬಹುದಾದವುಗಳಲ್ಲಿ ಇದು ಮೊದಲಿನದು. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸಿದ ಅನುಭವವಿರುವ ಯಾರಿಗೂ ಈ ಕೆಲಸ ಕಷ್ಟವಲ್ಲ. ಆದರೆ ತಾಳ್ಮೆ ಬೇಕು, ತಣ್ಣಗಾದ ಇಂಜಿನ್ ಬೇಕು.

ಏನಿದು ಸೆನ್ಸರ್?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದವರಿಗೆ ಚೋಕ್ ನೆನಪಿರುತ್ತದೆ. ಚಳಿಯ ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಅದನ್ನು ಒಳಕ್ಕೆ ತಳ್ಳಬೇಕಿತ್ತು. ತಣ್ಣಗಿನ ಇಂಜಿನ್‌ಗೆ ಹೆಚ್ಚು ಪೆಟ್ರೋಲ್ ಬೇಕು, ಬಿಸಿಯಾದದ್ದಕ್ಕೆ ಕಡಿಮೆ ಸಾಕು ಎಂಬುದೇ ಇದರ ಗುಟ್ಟು. ಇಂಜಿನ್ ಬಿಸಿಯೋ ತಣ್ಣಗೋ ಎಂದು ತೀರ್ಮಾನಿಸುತ್ತಿದ್ದುದು ಚಾಲಕನ ಕಿವಿ ಮತ್ತು ಕೈ.

ಕಾರ್ಬುರೇಟರ್ ಹೋಗಿ ಎಲೆಕ್ಟ್ರಾನಿಕ್ ಫ್ಯುಯೆಲ್ ಇಂಜೆಕ್ಷನ್ ಬಂದಾಗ ಈ ತೀರ್ಮಾನ ಯಂತ್ರದ ಪಾಲಾಯಿತು. ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿಗಾಗಿ ತಂದ ಡಿ-ಜೆಟ್ರಾನಿಕ್ ವ್ಯವಸ್ಥೆಯಲ್ಲೇ ಇಂಜಿನ್‌ನ ಬಿಸಿ ಅಳೆಯುವ ಸೆನ್ಸರ್ ಇತ್ತು. ನಮ್ಮ ದೇಶದಲ್ಲಿ 2000ನೇ ಇಸವಿಯ ಸುಮಾರಿಗೆ ಎಂಪಿಎಫ್‌ಐ ಎಂಬ ಹೆಸರಿನಲ್ಲಿ ಈ ತಂತ್ರ ಸಣ್ಣ ಕಾರುಗಳಿಗೂ ಬಂತು. ಈಗ ರಸ್ತೆಯಲ್ಲಿರುವ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಈ ಸೆನ್ಸರ್ ಇದೆ. ಇತ್ತೀಚಿನ ಡೀಸೆಲ್ ಕಾರುಗಳಲ್ಲೂ ಇದೆ.

ಇಂಜಿನ್ ಸುತ್ತ ಹರಿಯುವ ಕೂಲಂಟ್ ನೀರಿನಲ್ಲಿ ಇದರ ಮೂತಿ ಮುಳುಗಿರುತ್ತದೆ. ಇದರ ಮಾತನ್ನು ಕೇಳುವುದು ಇಸಿಯು ಎಂಬ ಗಣಕ. ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಕಿಡಿ ಯಾವಾಗ ಹಾರಬೇಕು, ಐಡ್ಲಿಂಗ್ ಎಷ್ಟಿರಬೇಕು, ಅನೇಕ ಕಾರುಗಳಲ್ಲಿ ಫ್ಯಾನ್ ಯಾವಾಗ ತಿರುಗಬೇಕು ಎಂಬುದನ್ನೆಲ್ಲ ಇಸಿಯು ಈ ಮಾತಿನ ಆಧಾರದ ಮೇಲೆಯೇ ನಿರ್ಧರಿಸುತ್ತದೆ.

ಕೆಲಸ ಮಾಡುವ ಬಗೆ

ಸೆನ್ಸರ್ ಒಳಗಿರುವುದು ಥರ್ಮಿಸ್ಟರ್ ಎಂಬ ಚಿಕ್ಕ ಗುಂಡು. ಸಾಮಾನ್ಯ ತಂತಿ ಬಿಸಿಯಾದಷ್ಟೂ ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡುತ್ತದೆ. ಥರ್ಮಿಸ್ಟರ್ ಇದಕ್ಕೆ ತದ್ವಿರುದ್ಧ. ಬಿಸಿಯಾದಷ್ಟೂ ತಡೆ ಕಡಿಮೆ. ಈ ಗುಣವನ್ನು ಬೆಳ್ಳಿಯ ಸಲ್ಫೈಡ್‌ನಲ್ಲಿ 1833ರಲ್ಲಿಯೇ ಗುರುತಿಸಿದವರು ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ.

ಇಸಿಯು ಈ ಸೆನ್ಸರ್‌ಗೆ 5 ವೋಲ್ಟ್ ಕೊಡುತ್ತದೆ. ಸೆನ್ಸರ್ ತಣ್ಣಗಿದ್ದರೆ ತಡೆ ಹೆಚ್ಚು, ವೋಲ್ಟೇಜ್ ಹೆಚ್ಚು ಉಳಿಯುತ್ತದೆ. ಬಿಸಿಯಾದರೆ ತಡೆ ಇಳಿದು ವೋಲ್ಟೇಜ್ ಕೂಡ ಇಳಿಯುತ್ತದೆ. ಈ ಏರಿಳಿತವನ್ನೇ ಇಸಿಯು ಡಿಗ್ರಿಯ ಲೆಕ್ಕಕ್ಕೆ ತಿರುಗಿಸಿಕೊಳ್ಳುತ್ತದೆ.

ಇದರಿಂದ ಒಂದು ಮುಖ್ಯ ಮಾತು ತಿಳಿಯುತ್ತದೆ. ಸೆನ್ಸರ್ ಸರಿಯಿದ್ದರೂ ಅದರ ಕನೆಕ್ಟರ್ ಕಿಲುಬು ಹಿಡಿದಿದ್ದರೆ ಹೆಚ್ಚುವರಿ ತಡೆ ಸೇರಿಕೊಳ್ಳುತ್ತದೆ. ಆಗ ಇಸಿಯು ಇಂಜಿನ್ ತಣ್ಣಗಿದೆ ಎಂದೇ ತಿಳಿಯುತ್ತದೆ. ಕಾಸರಗೋಡು, ಗೋವೆಯಂತಹ ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರುಗಳಲ್ಲಿ ಹೊಸ ಸೆನ್ಸರ್ ತರುವ ಮೊದಲು ಕನೆಕ್ಟರ್ ನೋಡುವುದು ಜಾಣತನ.

ಕೆಟ್ಟಿರುವ ಲಕ್ಷಣಗಳು

ಸೆನ್ಸರ್ ಎರಡು ರೀತಿಯಲ್ಲಿ ಸುಳ್ಳು ಹೇಳಬಹುದು.

ಇಂಜಿನ್ ಬಿಸಿಯಾಗಿದ್ದರೂ "ತಣ್ಣಗಿದೆ" ಎನ್ನುವುದು ಮೊದಲನೆಯದು. ಆಗ ಇಸಿಯು ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದೆ. ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಏರಿದ ಐಡ್ಲಿಂಗ್, ಇಳಿದ ಮೈಲೇಜ್, ಹೊಗೆ ತಪಾಸಣೆಯಲ್ಲಿ ಹೆಚ್ಚಿನ ಕಾರ್ಬನ್ ಮಾನಾಕ್ಸೈಡ್ ಇದರ ಗುರುತು. ಬಿಸಿಯಾದ ಗಾಡಿಯನ್ನು ನಿಲ್ಲಿಸಿ ಹತ್ತು ನಿಮಿಷದ ನಂತರ ಸ್ಟಾರ್ಟ್ ಮಾಡಲು ಹೋದರೆ ತೊಂದರೆ ಕೊಡುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯೆಂದರೆ ಫ್ಯಾನ್ ತಿರುಗದೆ ಇರುವುದು.

ಇಂಜಿನ್ ತಣ್ಣಗಿದ್ದರೂ "ಬಿಸಿಯಾಗಿದೆ" ಎನ್ನುವುದು ಎರಡನೆಯದು. ಆಗ ಬೆಳಗಿನ ಮೊದಲ ಸ್ಟಾರ್ಟ್ ಕಷ್ಟ. ಸ್ಟಾರ್ಟ್ ಆದರೂ ಗಾಡಿ ನಡುಗಿ ಆರುತ್ತದೆ. ನೀಲಗಿರಿಯ ಚಳಿಯಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಕೀ ತಿರುಗಿಸಿದ ಕೂಡಲೇ ಫ್ಯಾನ್ ಓಡಲು ಆರಂಭಿಸುವುದು ಇನ್ನೊಂದು ಗುರುತು.

ತಂತಿ ಪೂರ್ತಿ ಕಡಿದುಹೋದರೆ ಇಸಿಯುವಿಗೆ ಇಂಜಿನ್ ಮೈನಸ್ 40 ಡಿಗ್ರಿ ಎಂದು ಕಾಣುತ್ತದೆ. ನಮ್ಮ ಸೀಮೆಯಲ್ಲಿ ಇದು ಅಸಾಧ್ಯವೆಂದು ಅದಕ್ಕೂ ಗೊತ್ತು. ಹಾಗಾಗಿ ಎಚ್ಚರಿಕೆಯ ದೀಪ ಹಚ್ಚಿ, ಒಂದು ಅಂದಾಜಿನ ಲೆಕ್ಕದಲ್ಲಿ ಗಾಡಿ ಓಡಿಸುತ್ತದೆ. ಅನೇಕ ಕಾರುಗಳಲ್ಲಿ ಮುನ್ನೆಚ್ಚರಿಕೆಯಾಗಿ ಫ್ಯಾನನ್ನು ನಿರಂತರ ತಿರುಗಿಸುತ್ತದೆ. ಪೂರ್ತಿ ಸತ್ತ ಸೆನ್ಸರ್‌ಗಿಂತ ಅರ್ಧ ಸುಳ್ಳು ಹೇಳುವ ಸೆನ್ಸರ್ ಹೆಚ್ಚು ಅಪಾಯ ಎನ್ನುವುದು ಇದಕ್ಕೇ.

ಮೂರರಲ್ಲಿ ಯಾವುದು?

ಗಡಿಯ ಆಚೆಗೂ ಈಚೆಗೂ ಅಂಗಡಿಯಲ್ಲಿ ಗೊಂದಲವಾಗುವುದು ಇಲ್ಲಿಯೇ. "ಹೀಟ್ ಸೆನ್ಸರ್ ಕೊಡಿ" ಎಂದು ಕನ್ನಡದಲ್ಲಿ ಕೇಳಿದರೂ, ಗಾಡಿ ಚೂಡಾಗುತ್ತಿದೆ ಎಂದು ಮಲಯಾಳದಲ್ಲಿ ಹೇಳಿದರೂ, ಸೂಡು ಎಂದು ತಮಿಳಿನಲ್ಲಿ, ವೇಡಿ ಎಂದು ತೆಲುಗಿನಲ್ಲಿ, ಗರಂ ಎಂದು ಮರಾಠಿಯಲ್ಲಿ ಹೇಳಿದರೂ ಅಂಗಡಿಯವರು ಕೊಡಬಹುದಾದ ವಸ್ತುಗಳು ಮೂರು.

ಒಂದು, ಇಸಿಯುವಿಗೆ ಸುದ್ದಿ ಕೊಡುವ ಸೆನ್ಸರ್. ಇದಕ್ಕೆ ಸಾಮಾನ್ಯವಾಗಿ ಎರಡು ತಂತಿ. ಎರಡು, ಡ್ಯಾಶ್‌ಬೋರ್ಡಿನ ಮುಳ್ಳಿಗೆ ಮಾತ್ರ ಸುದ್ದಿ ಕೊಡುವ ಸೆನ್ಸರ್. ಹಳೆಯ ಕಾರುಗಳಲ್ಲಿ ಇದಕ್ಕೆ ಒಂದೇ ತಂತಿ. ಮೂರು, ಹಳೆಯ ಕಾರುಗಳ ರೇಡಿಯೇಟರ್‌ನಲ್ಲೋ ಅದರ ಹತ್ತಿರವೋ ಇರುವ ಫ್ಯಾನ್ ಸ್ವಿಚ್. ಹೊಸ ಕಾರುಗಳಲ್ಲಿ ಬಹುಪಾಲು ಒಂದೇ ಸೆನ್ಸರ್ ಮೂರೂ ಕೆಲಸ ಮಾಡುತ್ತದೆ. ಕೆಲವು ಹೊಸ ಕಾರುಗಳಲ್ಲಿ ಮುಳ್ಳೇ ಇಲ್ಲ. ಇಂಜಿನ್ ತಣ್ಣಗಿದ್ದಾಗ ನೀಲಿ ದೀಪ, ಅತಿಯಾಗಿ ಬಿಸಿಯಾದಾಗ ಕೆಂಪು ದೀಪ ಮಾತ್ರ.

ಎರಡು ತಂತಿಯ ಸೆನ್ಸರ್ ಸಾಮಾನ್ಯವಾಗಿ ಇರುವುದು ಥರ್ಮೋಸ್ಟಾಟ್ ಕೂತಿರುವ ಗೂಡಿನ ಬಳಿ ಅಥವಾ ಸಿಲಿಂಡರ್ ಹೆಡ್‌ನ ಒಂದು ಬದಿಯಲ್ಲಿ. ರೇಡಿಯೇಟರ್‌ನ ಮೇಲಿನ ದಪ್ಪ ಹೋಸ್ ಹಿಡಿದುಕೊಂಡು ಇಂಜಿನ್ ಕಡೆಗೆ ಹೋದರೆ ಹೆಚ್ಚಿನ ಕಾರುಗಳಲ್ಲಿ ಅದರ ಆಸುಪಾಸಿನಲ್ಲೇ ಸಿಗುತ್ತದೆ.

ತಪ್ಪು ಸೆನ್ಸರ್‌ನದ್ದೇ ಹೌದೇ?

ಬಿಡಿಭಾಗ ತರುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಇಂಜಿನ್ ನಿಜವಾಗಿಯೂ ಕುದಿಯುತ್ತಿದ್ದರೆ ಮುಳ್ಳು ಸತ್ಯವನ್ನೇ ಹೇಳುತ್ತಿರುತ್ತದೆ. ಆಗ ಸೆನ್ಸರ್ ಬದಲಿಸುವುದೆಂದರೆ ಜ್ವರ ಬಂದವನಿಗೆ ಥರ್ಮಾಮೀಟರ್ ಬದಲಿಸಿದಂತೆ.

ಮೊದಲ ಪರೀಕ್ಷೆ ದೋಷದ ಕೋಡ್. ಭಾರತದಲ್ಲಿ ಭಾರತ್ ಸ್ಟೇಜ್ 4 ನಿಯಮದಡಿ 2010ರ ಏಪ್ರಿಲ್‌ನಿಂದ ಕಾರುಗಳಿಗೆ ಓಬಿಡಿಯ ಮೊದಲ ಹಂತವೂ 2013ರ ಏಪ್ರಿಲ್‌ನಿಂದ ಎರಡನೇ ಹಂತವೂ ಕಡ್ಡಾಯವಾದವು. ಸ್ಟೇರಿಂಗ್ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ 16 ಪಿನ್‌ನ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಫೋನ್ ಇದ್ದರೆ ಮನೆಯಲ್ಲೇ ಕೋಡ್ ಓದಬಹುದು. ಪಿ0115ರಿಂದ ಪಿ0119ರವರೆಗಿನ ಕೋಡ್‌ಗಳು ಈ ಸೆನ್ಸರ್ ಮತ್ತು ಅದರ ತಂತಿಗೆ ಸೇರಿದವು. ಪಿ0117 ಎಂದರೆ ವೋಲ್ಟೇಜ್ ಅತಿ ಕಡಿಮೆ, ತಂತಿ ಶಾರ್ಟ್ ಆಗಿರುವ ಸಂಶಯ. ಪಿ0118 ಎಂದರೆ ವೋಲ್ಟೇಜ್ ಅತಿ ಹೆಚ್ಚು, ತಂತಿ ಕಡಿದಿರುವ ಅಥವಾ ಕನೆಕ್ಟರ್ ಕಳಚಿರುವ ಸಂಶಯ. ಪಿ0128 ಬಂದರೆ ಮೊದಲು ಅನುಮಾನಿಸಬೇಕಾದ್ದು ಥರ್ಮೋಸ್ಟಾಟನ್ನು.

ಎರಡನೇ ಪರೀಕ್ಷೆ ಬೆಳಗಿನದು. ರಾತ್ರಿಯಿಡೀ ನಿಂತ ಕಾರಿನ ಕೀಯನ್ನು ಸ್ಟಾರ್ಟ್ ಮಾಡದೆ ಆನ್ ಮಾಡಿ, ಫೋನಿನಲ್ಲಿ ಕೂಲಂಟ್‌ನ ಬಿಸಿ ಮತ್ತು ಒಳಬರುವ ಗಾಳಿಯ ಬಿಸಿ ಎರಡನ್ನೂ ನೋಡಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿ 24 ಡಿಗ್ರಿ, ಕೂಲಂಟ್ 55 ಡಿಗ್ರಿ ಎಂದು ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ನಂತರ ಸ್ಟಾರ್ಟ್ ಮಾಡಿದರೆ ಅಂಕಿ ಮೆಲ್ಲಗೆ ಏರಿ 80ರಿಂದ 100ರ ನಡುವೆ ನಿಲ್ಲಬೇಕು. ನಡುವೆ ಹಾರುವುದು, ಜಿಗಿಯುವುದು ಸಲ್ಲದು.

ಮೂರನೆಯದು ಮಲ್ಟಿಮೀಟರ್ ಪರೀಕ್ಷೆ. ಕೀ ಆಫ್ ಮಾಡಿ, ಕನೆಕ್ಟರ್ ಕಳಚಿ, ಸೆನ್ಸರ್‌ನ ಎರಡು ಪಿನ್‌ಗಳ ನಡುವಿನ ತಡೆಯನ್ನು ಓಂ ಅಳತೆಯಲ್ಲಿ ನೋಡಬೇಕು. ಅನೇಕ ಕಾರುಗಳಲ್ಲಿ ಕಾಣುವ ಅಂಕಿಗಳು ಹೀಗಿವೆ:

20 ಡಿಗ್ರಿಯಲ್ಲಿ: ಸುಮಾರು 2,200ರಿಂದ 2,700 ಓಂ
40 ಡಿಗ್ರಿಯಲ್ಲಿ: ಸುಮಾರು 1,100 ಓಂ
60 ಡಿಗ್ರಿಯಲ್ಲಿ: ಸುಮಾರು 600 ಓಂ
80 ಡಿಗ್ರಿಯಲ್ಲಿ: ಸುಮಾರು 300 ಓಂ
100 ಡಿಗ್ರಿಯಲ್ಲಿ: ಸುಮಾರು 180 ಓಂ

ಎಲ್ಲ ಕಂಪನಿಗಳ ಅಂಕಿಗಳೂ ಇವೇ ಆಗಿರುವುದಿಲ್ಲ. ಆದರೆ ಬಿಸಿ ಏರಿದಂತೆ ತಡೆ ಇಳಿಯಲೇಬೇಕು. ಮೀಟರ್ ಏನನ್ನೂ ತೋರಿಸದಿದ್ದರೆ ಅಥವಾ ಸೊನ್ನೆ ತೋರಿಸಿದರೆ ಸೆನ್ಸರ್ ಸತ್ತಿದೆ. ಕನೆಕ್ಟರ್ ಕಡೆ, ಕೀ ಆನ್ ಮಾಡಿ ಎರಡು ತಂತಿಗಳ ನಡುವೆ ಅಳೆದರೆ ಸುಮಾರು 5 ವೋಲ್ಟ್ ಬರಬೇಕು. ಬರದಿದ್ದರೆ ದೋಷವಿರುವುದು ತಂತಿಯಲ್ಲಿ. ಎಷ್ಟು ಸೆನ್ಸರ್ ಬದಲಿಸಿದರೂ ಪ್ರಯೋಜನವಿಲ್ಲ. ಇಲಿ ಕಚ್ಚಿದ ತಂತಿ ಹಳ್ಳಿಯ ಕೊಟ್ಟಿಗೆಯಲ್ಲಿ ನಿಲ್ಲುವ ಕಾರುಗಳಿಗೆ ಹೊಸತೇನಲ್ಲ.

ಕಳಚಿದ ಸೆನ್ಸರನ್ನು ಬಿಸಿ ನೀರಿನಲ್ಲಿ ಮುಳುಗಿಸಿಯೂ ನೋಡಬಹುದು. ಲೋಹದ ಮೂತಿ ಮಾತ್ರ ನೀರಿನಲ್ಲಿರಬೇಕು, ಪಿನ್‌ಗಳು ನೆನೆಯಬಾರದು. ಇದಕ್ಕೆ ಅಡುಗೆಗೆ ಬಳಸದ ಹಳೆಯ ಪಾತ್ರೆಯೇ ಆಗಬೇಕು, ಏಕೆಂದರೆ ಸೆನ್ಸರ್‌ಗೆ ಅಂಟಿರುವ ಕೂಲಂಟ್ ವಿಷ. ಇನ್ನೊಂದು ಮಾತು: ಕಡಲ ತೀರದ ಕಾಸರಗೋಡಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ 92-93 ಡಿಗ್ರಿಗೇ ಕುದಿಯುತ್ತದೆ. ಅಲ್ಲಿನವರು ಅಂಕಿ ಹೋಲಿಸುವಾಗ ಇದನ್ನು ಮರೆಯಬಾರದು.

ಫ್ಯಾನ್ ಬಗ್ಗೆ ಸಂಶಯವಿದ್ದರೆ ಇಂಜಿನ್ ಓಡುತ್ತಿರುವಾಗ ಎಸಿ ಹಾಕಿ ನೋಡಬೇಕು. ಬಹಳಷ್ಟು ಕಾರುಗಳಲ್ಲಿ ಎಸಿ ಹಾಕಿದ ಕೂಡಲೇ ಫ್ಯಾನ್ ತಿರುಗುತ್ತದೆ. ತಿರುಗಿದರೆ ಫ್ಯಾನ್ ಮೋಟಾರ್ ಚೆನ್ನಾಗಿದೆ ಎಂದರ್ಥ. ತಿರುಗದಿದ್ದರೆ ಫ್ಯೂಸ್, ರಿಲೇ ಮತ್ತು ಮೋಟಾರನ್ನು ಮೊದಲು ಪರೀಕ್ಷಿಸಬೇಕು.

ಕೊಳ್ಳುವಾಗ

ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಕಾರಿನಲ್ಲಿ ವರ್ಷಕ್ಕೊಂದು ಬಗೆಯ ಸೆನ್ಸರ್ ಇರುತ್ತದೆ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್, ತಯಾರಾದ ತಿಂಗಳು ಮತ್ತು ವರ್ಷ, ಪೆಟ್ರೋಲೋ ಡೀಸೆಲೋ ಎಂಬುದನ್ನು ಬರೆದುಕೊಂಡು ಹೋಗಬೇಕು. ಸಾಧ್ಯವಾದರೆ ಹಳೆಯ ಸೆನ್ಸರ್ ಮೇಲಿನ ನಂಬರನ್ನು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳುವುದು ಒಳ್ಳೆಯದು. ಚಾಸಿಸ್ ನಂಬರಿಗೆ ಭಾಷೆಯ ತೊಡಕಿಲ್ಲ. ಹೊಸೂರಿನಲ್ಲೂ ಸುಲ್ತಾನ್ ಬತ್ತೇರಿಯಲ್ಲೂ ಅದರ ಅರ್ಥ ಒಂದೇ.

ಸೆನ್ಸರ್ ಜೊತೆಗೆ ಹೊಸ ವಾಷರ್ ಅಥವಾ ಓ-ರಿಂಗ್ ಕೇಳಿ ಪಡೆಯಬೇಕು. ಹಳೆಯದನ್ನೇ ಹಾಕಿದರೆ ಸೋರುತ್ತದೆ. ಬಿಲ್ ಇಲ್ಲದ ಅಗ್ಗದ ಮಾಲು ಹೊರನೋಟಕ್ಕೆ ಒಂದೇ ತೆರನಾಗಿದ್ದರೂ ಒಳಗಿನ ಓಂ ಲೆಕ್ಕ ಬೇರೆಯಾಗಿರಬಹುದು. ಹೊಸ ಸೆನ್ಸರನ್ನೂ ಕೂರಿಸುವ ಮೊದಲು ಮಲ್ಟಿಮೀಟರ್‌ನಲ್ಲಿ ಒಮ್ಮೆ ನೋಡಿಬಿಡುವುದು ಕ್ಷೇಮ.

ಬೇಕಾಗುವ ಸಾಮಗ್ರಿ

ಬ್ಯಾಟರಿ ಟರ್ಮಿನಲ್‌ಗೆ 10 ನಂಬರ್ ಸ್ಪ್ಯಾನರ್ ಅಥವಾ ಪಾನಾ; ಸೆನ್ಸರ್‌ಗೆ ಡೀಪ್ ಸಾಕೆಟ್, ಹೆಚ್ಚಾಗಿ 19 ನಂಬರ್; ಚಿಕ್ಕ ಚಪ್ಪಟೆ ಸ್ಕ್ರೂಡ್ರೈವರ್; ಅಗಲ ಬಾಯಿಯ ಶುದ್ಧ ಟಬ್; ಕೈಗವಸು, ದಪ್ಪ ಬಟ್ಟೆ; ಕಂಪನಿ ಹೇಳಿದ ಬಗೆಯ ಕೂಲಂಟ್ ಒಂದು ಲೀಟರ್; ಡಿಸ್ಟಿಲ್ಡ್ ವಾಟರ್. ಕೊಳವೆಬಾವಿಯ ನೀರು ಬೇಡ. ರಾಯದುರ್ಗ, ಮಡಕಶಿರಾ, ಜತ್ತ ಸೀಮೆಯ ಗಡಸು ನೀರು ರೇಡಿಯೇಟರ್ ನಾಳಗಳಲ್ಲಿ ಬಿಳಿ ಗಟ್ಟಿಯಾಗಿ ಕೂರುತ್ತದೆ.

ಬದಲಿಸುವ ಕ್ರಮ

1. ಇಂಜಿನ್ ಪೂರ್ತಿ ತಣ್ಣಗಾಗಲಿ. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಕೈ ಹಾಕುವುದು ಉತ್ತಮ. ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡವನ್ನು ಸುಮಾರು ಒಂದು ಬಾರ್‌ನಷ್ಟು ಏರಿಸಿ ಹಿಡಿದಿಟ್ಟಿರುತ್ತದೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯದೆ 120 ಡಿಗ್ರಿಯವರೆಗೂ ತಡೆದುಕೊಳ್ಳುತ್ತದೆ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮತ್ತು ಆವಿ ಒಮ್ಮೆಲೇ ಮುಖಕ್ಕೆ ಹಾರುತ್ತದೆ. ಬಿಸಿ ಇಂಜಿನ್‌ನಿಂದ ಸೆನ್ಸರ್ ಬಿಚ್ಚಿದರೂ ಇದೇ ಗತಿ.

2. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಕೀ ಆಫ್ ಆಗಿದ್ದರೂ ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿಯೇ ತಿರುಗಿ ಬೆರಳು ಕತ್ತರಿಸುವ ಅಪಾಯವಿದೆ.

3. ದಪ್ಪ ಬಟ್ಟೆ ಹಿಡಿದು ರೇಡಿಯೇಟರ್ ಅಥವಾ ಕೂಲಂಟ್ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ಒತ್ತಡ ಬಿಡಿಸಬೇಕು.

4. ಸೆನ್ಸರ್ ಎತ್ತರದಲ್ಲಿದ್ದರೆ ಸ್ವಲ್ಪವೇ ಕೂಲಂಟ್ ಚೆಲ್ಲುತ್ತದೆ. ತಗ್ಗಿನಲ್ಲಿದ್ದರೆ ಮೊದಲೇ ಒಂದೆರಡು ಲೀಟರ್ ಇಳಿಸಿಕೊಳ್ಳಬೇಕು. ಟಬ್ ಶುದ್ಧವಾಗಿದ್ದು ಕೂಲಂಟ್ ಸ್ವಚ್ಛವಿದ್ದರೆ ಅದನ್ನೇ ಮರಳಿ ಹಾಕಬಹುದು.

5. ಕನೆಕ್ಟರ್‌ನ ಲಾಕ್ ಒತ್ತಿ, ಪ್ಲಾಸ್ಟಿಕ್ ಭಾಗವನ್ನೇ ಹಿಡಿದು ಎಳೆಯಬೇಕು. ತಂತಿ ಹಿಡಿದು ಎಳೆಯಬಾರದು. ಹಳೆಯ ಕಾರಿನ ಪ್ಲಾಸ್ಟಿಕ್ ಬಿಸಿಗೆ ಬೆಂದು ಗರಿಗರಿಯಾಗಿರುತ್ತದೆ, ಲಾಕ್ ಮುರಿಯದಂತೆ ನೋಡಿಕೊಳ್ಳಬೇಕು. ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೃದುವಾಗಿ ಉಜ್ಜಿ ಒಣಗಿಸಬೇಕು. ಸಂಶಯವಿದ್ದರೆ ಇಲ್ಲಿಗೇ ನಿಲ್ಲಿಸಿ, ಮತ್ತೆ ಜೋಡಿಸಿ ಗಾಡಿ ಓಡಿಸಿ ನೋಡಬಹುದು. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

6. ಸೆನ್ಸರ್ ಸುತ್ತ ಧೂಳು ಒರೆಸಿ, ಸಾಕೆಟ್ ಪೂರ್ತಿ ಕೂರಿಸಿ, ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಜಗ್ಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಕಾಯಬೇಕು. ಕೆಲವು ಕಾರುಗಳಲ್ಲಿ ಮರೆ ಇರುವುದಿಲ್ಲ, ಕುದುರೆ ಲಾಳದ ಆಕಾರದ ಕ್ಲಿಪ್ ತೆಗೆದು ಎಳೆದರೆ ಸಾಕು. ಆ ಕ್ಲಿಪ್ ಚಿಮ್ಮಿ ಇಂಜಿನ್ ಸಂದಿಗೆ ಬಿದ್ದರೆ ಹುಡುಕುವುದು ಕಷ್ಟ, ಕೆಳಗೆ ಬಟ್ಟೆ ಹಾಸಿರಬೇಕು.

7. ಹಳೆಯದು, ಹೊಸದು ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಉದ್ದ, ಮರೆ, ಪಿನ್‌ಗಳ ಆಕಾರ ಎಲ್ಲವೂ ಒಂದೇ ಇರಬೇಕು. ಹಳೆಯ ವಾಷರ್ ಒಳಗೇ ಅಂಟಿಕೊಂಡಿದ್ದರೆ ತೆಗೆಯಬೇಕು.

8. ಹೊಸ ವಾಷರ್ ಅಥವಾ ಓ-ರಿಂಗ್ ಹಾಕಿ, ಓ-ರಿಂಗ್‌ಗೆ ಸ್ವಲ್ಪ ಕೂಲಂಟ್ ಸವರಿ, ಮೊದಲು ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ಸರಾಗವಾಗಿ ಹೋಗದಿದ್ದರೆ ಮರೆ ಅಡ್ಡ ಕೂತಿದೆ, ಬಿಚ್ಚಿ ಮತ್ತೆ ಹಾಕಬೇಕು. ಕೊನೆಗೆ ಸಾಕೆಟ್‌ನಿಂದ ಹಿತವಾಗಿ ಬಿಗಿಮಾಡಬೇಕು. ಟಾರ್ಕ್ ರೆಂಚ್ ಇರುವವರು ಕಾರಿನ ಸರ್ವೀಸ್ ಪುಸ್ತಕದ ಅಳತೆ ಪಾಲಿಸಲಿ. ಗೂಡು ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್‌ನದ್ದು. ಟ್ರ್ಯಾಕ್ಟರ್ ನಟ್ಟಿಗೆ ಹಾಕುವ ಬಲ ಇಲ್ಲಿ ಹಾಕಿದರೆ ಗೂಡೇ ಒಡೆಯುತ್ತದೆ. ಟೆಫ್ಲಾನ್ ಟೇಪ್ ಸುತ್ತಬಾರದು. ಒಂದು ತಂತಿಯ ಸೆನ್ಸರ್‌ಗೆ ಇಂಜಿನ್ ಮೈಯೇ ಅರ್ಥಿಂಗ್ ಆಗಿರುತ್ತದೆ, ಟೇಪ್ ಅದನ್ನು ತಡೆಯುತ್ತದೆ.

9. ಕನೆಕ್ಟರ್ ಟಕ್ ಎಂದು ಕೂರುವವರೆಗೆ ಒತ್ತಬೇಕು. ಕೂಲಂಟ್ ಗುರುತಿನ ಮಟ್ಟಕ್ಕೆ ತುಂಬಿ, ಮುಚ್ಚಳ ಹಾಕಿ, ಬ್ಯಾಟರಿ ತಂತಿ ಬಿಗಿಮಾಡಬೇಕು.

ಕೊನೆಯ ಪರೀಕ್ಷೆ

ಸೆನ್ಸರ್ ಬಿಚ್ಚಿದಾಗ ಒಳಗೆ ಗಾಳಿ ಸೇರಿರುತ್ತದೆ. ಗಾಳಿಯ ಗುಳ್ಳೆ ಸೆನ್ಸರ್ ಮೂತಿಯ ಬಳಿ ನಿಂತರೆ ಹೊಸ ಸೆನ್ಸರ್ ಕೂಡ ತಪ್ಪು ಹೇಳುತ್ತದೆ. ಗಾಳಿ ಬಿಡುವ ಸ್ಕ್ರೂ ಇರುವ ಕಾರುಗಳಲ್ಲಿ, ಕೂಲಂಟ್ ತುಂಬುವಾಗಲೇ, ಇಂಜಿನ್ ತಣ್ಣಗಿರುವಂತೆಯೇ ಅದನ್ನು ಸಡಿಲಿಸಿ ಗುಳ್ಳೆ ನಿಂತ ಮೇಲೆ ಬಿಗಿಮಾಡಬೇಕು. ಬಳಿಕ ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ, ಬಯಲಿನಲ್ಲಿ ಇಂಜಿನ್ ಐಡ್ಲಿಂಗ್‌ನಲ್ಲಿ ಓಡಲು ಬಿಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಓಡಿಸಬಾರದು, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಸುಮಾರಿಗೆ ತೆರೆಯುತ್ತದೆ. ಬಳಿಕ ಫ್ಯಾನ್ ತಿರುಗಿ ನಿಲ್ಲಬೇಕು. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಪಕ್ಕದಲ್ಲೇ ಇದ್ದು ಸೋರಿಕೆ ನೋಡಬೇಕು. ಇಂಜಿನ್ ಮತ್ತೆ ತಣ್ಣಗಾದ ಮೇಲೆ ಕೂಲಂಟ್ ಮಟ್ಟ ಇಳಿದಿದ್ದರೆ ತುಂಬಬೇಕು. ಫೋನಿನಿಂದಲೇ ಕೋಡ್ ಅಳಿಸಬಹುದು. ಅಳಿಸದಿದ್ದರೂ ದೋಷ ನಿಜವಾಗಿ ಹೋಗಿದ್ದರೆ ಕೆಲವು ಸಲ ಓಡಾಡಿದ ಮೇಲೆ ಹಳದಿ ದೀಪ ತಾನಾಗಿ ಆರುತ್ತದೆ. ಮೊದಲೆರಡು ದಿನ ಊರ ಸುತ್ತಮುತ್ತ ಓಡಿಸಿ ನೋಡಿ, ಘಟ್ಟದ ಪ್ರಯಾಣ ಆಮೇಲೆ ಇಟ್ಟುಕೊಳ್ಳುವುದು ಒಳಿತು.

ಮಕ್ಕಳು, ದನಕರು ಜೋಕೆ

ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ, ಬೆಕ್ಕು, ಕರು ನೆಕ್ಕುವ ಸಾಧ್ಯತೆ ಹೆಚ್ಚು. ಚೆಲ್ಲಿದ ಕಡೆ ಮರಳು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ ತೆಗೆಯಬೇಕು. ಹಳೆಯ ಕೂಲಂಟನ್ನು ಬಾವಿ, ಕೆರೆ, ತೋಟದ ಚರಂಡಿಯ ಕಡೆ ಚೆಲ್ಲದೆ, ಕುಡಿಯುವ ನೀರಿನದ್ದಲ್ಲದ ಡಬ್ಬದಲ್ಲಿ ಹೆಸರು ಬರೆದು ತುಂಬಿಸಿ ಗ್ಯಾರೇಜಿಗೆ ಕೊಡಬೇಕು. ಮಗು ಕುಡಿದಿದೆ ಎಂಬ ಸಂಶಯ ಬಂದರೂ ಸಾಕು, ಡಬ್ಬದ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಕಾಣಲಿ ಎಂದು ಕಾಯಬಾರದು.

ದಾರಿಯಲ್ಲಿ ಕುದಿದರೆ

ಘಟ್ಟದಲ್ಲಿ ಮುಳ್ಳು ಕೆಂಪಿಗೆ ಏರತೊಡಗಿದರೆ ಮೊದಲು ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ವೇಗಕ್ಕೆ ಹಾಕಬೇಕು. ಒಳಗೆ ಕೂತವರಿಗೆ ಸೆಕೆಯಾದರೂ ಇಂಜಿನ್‌ನ ಬಿಸಿ ಸ್ವಲ್ಪ ಇಳಿಯುತ್ತದೆ. ಸುರಕ್ಷಿತ ಜಾಗ ಕಂಡ ಕೂಡಲೇ ನಿಲ್ಲಿಸಬೇಕು. ಕೆಂಪು ದೀಪ ಬಂದ ಮೇಲೆ "ಇನ್ನೊಂದು ತಿರುವು ಅಷ್ಟೆ" ಎಂದು ಮುಂದುವರಿದರೆ ಹೆಡ್ ಬಾಗುತ್ತದೆ. ಬಾನೆಟ್ ತೆರೆಯಬಹುದು, ಮುಚ್ಚಳ ತೆರೆಯಬಾರದು. ಕುದಿಯುವ ಇಂಜಿನ್ ಮೇಲೆ ತಣ್ಣೀರು ಸುರಿಯಬಾರದು. ಕಾದ ಲೋಹ ಸೀಳುತ್ತದೆ.

ಕೈ ಹಾಕಬಾರದ ಕಡೆ

ಕೂಲಂಟ್ ಪದೇ ಪದೇ ಕಡಿಮೆಯಾಗುವುದು, ಹಿಂದಿನಿಂದ ದಟ್ಟ ಬಿಳಿ ಹೊಗೆ, ಆಯಿಲ್ ಮುಚ್ಚಳದ ಒಳಗೆ ಹಾಲು ಕಾಫಿಯಂತಹ ನೊರೆ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯ. ಅದು ಮನೆಗೆಲಸವಲ್ಲ. ವಾರಂಟಿ ಇರುವ ಕಾರನ್ನು ಕಂಪನಿಯ ಸರ್ವೀಸ್‌ಗೇ ಒಯ್ಯಬೇಕು. ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಕಾಮನ್ ರೈಲ್ ಡೀಸೆಲ್ ಇಂಜಿನ್‌ನ ಇಂಧನ ಪೈಪಿನಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡವಿದ್ದು, ಅದರ ಪ್ರೆಷರ್ ಸೆನ್ಸರ್ ಮುಟ್ಟಬಾರದು. ಸೂಜಿಯಂತೆ ಹಾರುವ ಡೀಸೆಲ್ ಚರ್ಮದೊಳಕ್ಕೆ ನುಗ್ಗುತ್ತದೆ.

ಇತರ ಸೆನ್ಸರ್‌ಗಳ ಪೈಕಿ, ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರನ್ನು ಒಂದೆರಡು ಸ್ಕ್ರೂ ತೆಗೆದು ಬದಲಿಸಬಹುದು. ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್‌ಗೆ ಹೆಚ್ಚಾಗಿ 22 ನಂಬರ್‌ನ ಸೀಳು ಸಾಕೆಟ್ ಬೇಕು. ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಮರೆಯೇ ಕಿತ್ತು ಬರಬಹುದು. ಕ್ರ್ಯಾಂಕ್ ಸೆನ್ಸರ್ ಕೆಟ್ಟರೆ ಓಡುವ ಗಾಡಿ ನಡುದಾರಿಯಲ್ಲಿ ಆರುತ್ತದೆ. ಅದು ಗಾಡಿಯಡಿ ಇರುವ ಕಾರುಗಳಲ್ಲಿ ಕೇವಲ ಜ್ಯಾಕ್ ನಂಬಿ ಕೆಳಗೆ ನುಗ್ಗುವುದು ಪ್ರಾಣಕ್ಕೆ ಸಂಚಕಾರ.

ಪಟ್ಟಣದವರಿಗೆ ಗ್ಯಾರೇಜ್ ಮನೆ ಪಕ್ಕದಲ್ಲಿದೆ. ಗಡಿನಾಡಿನ ಹಳ್ಳಿಯವರಿಗೆ ಗ್ಯಾರೇಜ್ ಎಂದರೆ ಅರ್ಧ ದಿನದ ದಾರಿ, ಗಾಡಿ ಎಳೆಸಿಕೊಂಡು ಹೋಗುವ ಖರ್ಚು ಬೇರೆ. ಒಂದು ಮಲ್ಟಿಮೀಟರ್, ಒಂದು ಡೀಪ್ ಸಾಕೆಟ್ ಮನೆಯಲ್ಲಿದ್ದರೆ ಆ ದಾರಿ ಎಷ್ಟೋ ಸಲ ಉಳಿಯುತ್ತದೆ. ಗ್ಯಾರೇಜಿಗೆ ಹೋಗಲೇಬೇಕಾಗಿ ಬಂದರೂ, ತಪ್ಪು ಸೆನ್ಸರ್‌ನದ್ದೋ, ತಂತಿಯದ್ದೋ, ಥರ್ಮೋಸ್ಟಾಟಿನದ್ದೋ ಎಂದು ತಿಳಿದು ಹೋದವರ ಬಿಲ್ಲು ಹಗುರವಾಗಿಯೇ ಬರುತ್ತದೆ.